ಶುದ್ಧನೀರಪ್ಪನ ಉಪ್ಪುನೀರು

ಬೀದಿಯವರು ಅವರಿಗೆ ಶುದ್ಧನೀರಪ್ಪ ಎಂದು ಹೆಸರಿಟ್ಟದ್ದು ಗೌರವದಿಂದಲ್ಲ. ಊರಿನ ನೀರು ಸರಬರಾಜು ಕಚೇರಿಯಲ್ಲಿ ಅವರು ನೀರು ಪರೀಕ್ಷಕರು. ಮೂವತ್ತೊಂದು ವರ್ಷಗಳಿಂದ, ರಜೆಯ ದಿನವನ್ನೂ ಬಿಡದೆ, 'ಕುಡಿಯಲು ಯೋಗ್ಯ' ಎಂದು ಬರೆದು ಸಹಿ ಹಾಕುತ್ತ ಬಂದವರು. ಒಂದು ಬೇಸಿಗೆಯಲ್ಲಿ ಕೆಳಗಿನ ಬೀದಿಯ ಹೆಂಗಸರು ಕಂದು ನೀರು ತುಂಬಿದ ಕೊಡಗಳನ್ನು ಹೊತ್ತು ತಂದು ಅವರ ಮೇಜಿನ ಮೇಲೆಯೇ ಸಾಲಾಗಿ ಇಟ್ಟರು. ಶುದ್ಧನೀರಪ್ಪ ಅಲುಗಲಿಲ್ಲ. ರಿಜಿಸ್ಟರ್ ತಿರುವಿ ತೋರಿಸಿದರು.

"ನೋಡಿ ತಾಯಿ, ಇದರಲ್ಲಿ ನೀರು ತಿಳಿಯಾಗಿದೆ."

"ಇದರಲ್ಲಿ?" ಎಂದು ಒಬ್ಬಾಕೆ ಕೊಡ ಬಗ್ಗಿಸಿ ತೋರಿಸಿದಳು.

"ಅದು ನಿಮ್ಮ ಕೊಡದ ಸಮಸ್ಯೆ" ಎಂದರು.

ಅವತ್ತಿನಿಂದ ಹೆಸರು ಅಂಟಿಕೊಂಡಿತು. ಅವರಿಗೇನೂ ಬೇಜಾರಿರಲಿಲ್ಲ. ಬಿರುದು ಅಂದುಕೊಂಡಿದ್ದರು.

ಆ ರಿಜಿಸ್ಟರಿಗೆ ಹದಿನಾಲ್ಕು ಕಾಲಂ. ಸೋಮವಾರ ಬೆಳಿಗ್ಗೆ ಎಡಗೈಯಲ್ಲಿ ಟೀ ಲೋಟ, ಬಲಗೈಯಲ್ಲಿ ಪೆನ್ನು ಹಿಡಿದು ಕೂತರೆ ಟೀ ಮುಗಿಯುವಷ್ಟರಲ್ಲಿ ಇಡೀ ವಾರದ ನೀರು ಶುದ್ಧವಾಗಿ ಬಿಡುತ್ತಿತ್ತು, ಭಾನುವಾರದ್ದೂ ಸೇರಿ. ಅದರಲ್ಲೂ ಕಸುಬುದಾರಿಕೆ ಇತ್ತು. ದಿನಾ ಒಂದೇ ಅಂಕಿ ಬರೆದರೆ ಮೇಲಿನವರಿಗೆ ಅನುಮಾನ ಬರುತ್ತದೆ. ಹಾಗಾಗಿ ಪಿಎಚ್ ಕಾಲಂನಲ್ಲಿ ಒಂದು ದಿನ ಏಳು ಪಾಯಿಂಟ್ ಎರಡು, ಮಾರನೆಯ ದಿನ ಏಳು ಪಾಯಿಂಟ್ ಮೂರು, ಮತ್ತೆ ಎರಡು; ಯಾವಾಗಲಾದರೊಮ್ಮೆ ಧೈರ್ಯ ಮಾಡಿ ಏಳು ಪಾಯಿಂಟ್ ನಾಲ್ಕು. ಆ ನಾಲ್ಕು ಬರೆದ ದಿನ ಬೆಟ್ಟ ಹತ್ತಿ ಇಳಿದವರ ಹಾಗೆ ಮನೆಗೆ ಬರುತ್ತಿದ್ದರು. ಪರೀಕ್ಷೆಗೆ ಬೇಕಾದ ದ್ರಾವಣದ ಬಾಟಲಿಗಳು ಕಪಾಟಿನಲ್ಲೇ ಇದ್ದವು. ಅವುಗಳ ಅವಧಿ ಮುಗಿದು ಎಷ್ಟು ಕಾಲವಾಗಿತ್ತೆಂದರೆ ಜೇಡವೊಂದು ಅಲ್ಲಿ ಮೊಮ್ಮಕ್ಕಳನ್ನೂ ಕಂಡಿತ್ತು.

ಮನುಷ್ಯ ಹುಟ್ಟಾ ಸುಳ್ಳ ಅಂತಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಿಜವಾಗಿಯೂ ನಲ್ಲಿ ನಲ್ಲಿ ತಿರುಗಿ ಬಾಟಲಿ ತುಂಬಿಸಿ ತಂದು, ಹನಿ ಹಾಕಿ, ಬಣ್ಣ ನೋಡಿ, ಕಂಡದ್ದನ್ನು ಬರೆದಿದ್ದರು. ಆಗಿನ ಇಂಜಿನಿಯರು ಆ ಹಾಳೆಯನ್ನು 'ಮರುಪರಿಶೀಲಿಸಿ' ಎಂದು ಮೂರು ಸಲ ವಾಪಸು ಕಳಿಸಿದರು. ಮೂರು ಸಲವೂ ನೀರು ಹಟ ಬಿಡಲಿಲ್ಲ. ನಾಲ್ಕನೆಯ ಸಲ ಶುದ್ಧನೀರಪ್ಪ ನೀರನ್ನು ಕೇಳುವುದನ್ನೇ ಬಿಟ್ಟು ಇಂಜಿನಿಯರ ಮುಖ ನೋಡಿ ಬರೆದರು. ಹಾಳೆ ವಾಪಸು ಬರಲಿಲ್ಲ. ಕೆಲಸ ಕಲಿಯುವುದು ಅಂದರೆ ಇದೇ.

ಇಂಥವರ ಮನೆಯಲ್ಲಿ ಕುಡಿಯುವ ನೀರನ್ನು ಎರಡು ಸಲ ಕುದಿಸುತ್ತಿದ್ದರು ಎಂಬುದು ಬೀದಿಗೆಲ್ಲ ಗೊತ್ತಿದ್ದ ಗುಟ್ಟು. ಕುದಿಸುತ್ತಿದ್ದಾಕೆ ಅವರ ಹೆಂಡತಿ, ಬೀದಿಯ ಬಾಯಲ್ಲಿ ಟೇಲರಮ್ಮ. ಮನೆಯ ಮುಂದಿನ ಕೋಣೆಯಲ್ಲಿ ಕಿಟಕಿಗೆ ಒತ್ತಿ ಹೊಲಿಗೆ ಯಂತ್ರ, ಕತ್ತಿಗೆ ಅಳತೆ ಟೇಪು, ಕಿವಿಯ ಮೇಲೆ ಬಣ್ಣದ ಸೀಮೆಸುಣ್ಣ. ಅರ್ಧ ಊರಿನ ಮಕ್ಕಳ ಶಾಲೆಯ ಯೂನಿಫಾರ್ಮು ಅವಳ ಕೈಯಿಂದಲೇ ಹೊರಟದ್ದು. ಅಳತೆಯನ್ನು ಎರಡು ಸಲ ತೆಗೆಯುವವಳು, ಮೂರನೆಯ ಸಲ ಕಣ್ಣಲ್ಲೇ ಅಳೆಯುವವಳು. ಗಂಡ ಹೆಂಡತಿ ಇಬ್ಬರದೂ ಅಂಕಿಗಳ ಕಸುಬೇ. ಅವಳ ಅಂಕಿ ತಪ್ಪಿದರೆ ಯಾರದೋ ಮಗುವಿನ ತೋಳು ಬಟ್ಟೆಯೊಳಗೆ ಹೋಗುತ್ತಿರಲಿಲ್ಲ. ಅವರ ಅಂಕಿ ತಪ್ಪಿದರೆ ಏನೂ ಆಗುತ್ತಿರಲಿಲ್ಲ. ಅಥವಾ ಆದದ್ದು ಆಸ್ಪತ್ರೆಯ ಪುಸ್ತಕದಲ್ಲಿ ಬರುತ್ತಿತ್ತು, ಅವರ ಪುಸ್ತಕದಲ್ಲಿ ಅಲ್ಲ.

ಆ ವರ್ಷ ಟೇಲರಮ್ಮನ ಎರಡೂ ಕಣ್ಣಿಗೆ ಶಸ್ತ್ರಚಿಕಿತ್ಸೆ ಆಯಿತು. ಅರ್ಧ ಗಂಟೆಗೊಮ್ಮೆ ಸೂಜಿಯಿಂದ ಕಣ್ಣು ತೆಗೆದು ನಿಧಾನಕ್ಕೆ ಚಲಿಸುವ ಏನನ್ನಾದರೂ ನೋಡಬೇಕು, ಇಲ್ಲವಾದರೆ ಹೊಲಿಗೆಯನ್ನೇ ಬಿಡಬೇಕಾಗುತ್ತದೆ ಎಂದರು ಕಣ್ಣಿನ ಡಾಕ್ಟರು.

"ನಿಧಾನಕ್ಕೆ ಚಲಿಸೋದು ಅಂದ್ರೆ ನಿಮ್ಮ ಕಚೇರಿ ಫೈಲು ಒಂದೇ" ಎಂದಳು ಟೇಲರಮ್ಮ. "ಅದನ್ನ ಮನೇಲಿಡೋಕಾಗಲ್ಲ. ಎರಡು ಮೀನು ತಂದುಕೊಡಿ."

ಶುದ್ಧನೀರಪ್ಪನ ಎದೆ ಉಬ್ಬಿತು. ಸಿಹಿನೀರಿನ ಮೀನು ಯಾರು ಬೇಕಾದರೂ ಸಾಕುತ್ತಾರೆ. ನೀರಿನ ವಿಷಯದಲ್ಲಿ ಕೂದಲು ನೆರೆಸಿಕೊಂಡವರು ಮನೆಗೆ ಸಮುದ್ರವನ್ನೇ ತರಬೇಕು. ಸಮುದ್ರ ಆ ಊರಿಗೆ ಒಂದು ಹಗಲು ಒಂದು ರಾತ್ರಿಯ ರೈಲು ದೂರ.

ಮೀನಂಗಡಿಯಾಕೆ ನಲವತ್ತರ ಹೆಂಗಸು. ಮೊಣಕೈವರೆಗೆ ಒದ್ದೆ, ಮಾತು ಮಾತ್ರ ಒಣ. ನೂರಿಪ್ಪತ್ತು ಲೀಟರಿನ ಗಾಜಿನ ತೊಟ್ಟಿ, ಪಂಪು, ಸಮುದ್ರದ ಉಪ್ಪಿನ ಚೀಲ, ಪರೀಕ್ಷೆ ಮಾಡುವ ಹನಿ ಬಾಟಲಿಗಳ ಡಬ್ಬಿ ಎಲ್ಲವನ್ನೂ ಮುಂದಿಟ್ಟು ಪಾಠ ಶುರು ಮಾಡಿದಳು.

"ಸಾರ್, ನಲ್ಲಿ ನೀರು ಬೇಡ. ಶೋಧಿಸಿದ ನೀರು ಕ್ಯಾನಲ್ಲಿ ಇಲ್ಲೇ ಸಿಗುತ್ತೆ, ಅದಕ್ಕೆ ಉಪ್ಪು ಬೆರೆಸಿ. ಮೀನು ಈಗ್ಲೇ ಬೇಡ. ಮೊದ್ಲು ಚಿಟಿಕೆ ಆಹಾರ ಹಾಕಿ ಕೊಳೆಸಿ. ಅಮೋನಿಯ ಏರುತ್ತೆ, ಅದು ವಿಷ. ಅದನ್ನ ತಿನ್ನೋ ಸೂಕ್ಷ್ಮಜೀವಿ ಹುಟ್ಟುತ್ವೆ, ಆಗ ಇಳಿಯುತ್ತೆ. ಅವು ನೈಟ್ರೈಟ್ ಅಂತ ಇನ್ನೊಂದು ವಿಷ ಮಾಡ್ತವೆ. ಅದೂ ಏರಿ ಇಳೀಬೇಕು. ಎರಡೂ ಸೊನ್ನೆ ಆದಮೇಲೆ ಬನ್ನಿ, ಮೀನು ಕೊಡ್ತೀನಿ. ತಿಂಗಳ ಮೇಲೆ ಹಿಡಿಯುತ್ತೆ. ದಿನಾ ಪರೀಕ್ಷೆ ಮಾಡಿ ಬರೆದಿಡಿ."

"ನೀನು ನನಗೆ ನೀರು ಪರೀಕ್ಷೆ ಹೇಳಿಕೊಡ್ತೀಯಾ?" ಎಂದು ಶುದ್ಧನೀರಪ್ಪ ನಕ್ಕರು. "ಈ ಊರಿನ ನೀರಿಗೆ ಸಹಿ ಹಾಕೋದು ಯಾರು ಗೊತ್ತಾ?"

"ಗೊತ್ತಾಯ್ತು ಸಾರ್. ಅದಕ್ಕೇ ನಲ್ಲಿ ನೀರು ಬೇಡ ಅಂದೆ."

ಈ ಮಾತು ಅವರಿಗೆ ನಾಟಿತು. ತಾನು ಸಹಿ ಹಾಕಿದ ನೀರು ಎರಡು ಲಕ್ಷ ಜನಕ್ಕೆ ಆಗುತ್ತದಂತೆ, ಹೆಬ್ಬೆರಳಿನಷ್ಟುದ್ದದ ಮೀನಿಗೆ ಆಗುವುದಿಲ್ಲವಂತೆ! ಕ್ಯಾನು ಮುಟ್ಟದೆ ಮನೆಗೆ ಬಂದವರೇ ನಲ್ಲಿಗೆ ಪೈಪು ಸಿಕ್ಕಿಸಿ ತೊಟ್ಟಿ ತುಂಬಿಸಿದರು. ಚೀಲದ ಮೇಲಿನ ಬರಹದಂತೆ ಉಪ್ಪು ಸುರಿದರು. ತಳಕ್ಕೆ ಮರಳು, ಎರಡು ಕಲ್ಲು, ಮೇಲೆ ನೀಲಿ ದೀಪ. ನೋಡಲು ಚೆನ್ನಾಗಿಯೇ ಇತ್ತು. ನೀರಿನ ಒಂದು ಗುಣವೇ ಅದು: ವಿಷ ಬೆರೆತರೂ ತಿಳಿಯಾಗಿ ಕಾಣಬಲ್ಲದು.

ಮೊದಲ ದಿನ ಪರೀಕ್ಷೆಯ ಗಾಜಿನ ಕೊಳವೆಗೆ ತೊಟ್ಟಿಯ ನೀರು ತುಂಬಿ ಹನಿ ಹಾಕಿದರು. ಐದು ನಿಮಿಷ ಕಾದು ಬಣ್ಣದ ಚೀಟಿಗೆ ಹೋಲಿಸಬೇಕು ಎಂದು ಡಬ್ಬಿಯ ಮೇಲಿತ್ತು. ಎರಡನೆಯ ನಿಮಿಷಕ್ಕೆ ಬಾಗಿಲಲ್ಲಿ ಯಾರೋ ಕರೆದರು. ಬಂದು ನೋಡುವಷ್ಟರಲ್ಲಿ ಟೇಲರಮ್ಮ ಅದನ್ನು ಚೆಲ್ಲಿ ಕೊಳವೆ ತೊಳೆದಿಟ್ಟಿದ್ದಳು. ಸರಿ, ಇದರಲ್ಲೇನಿದೆ ಎಂದು ಕಚೇರಿಯಿಂದ ತಂದ ಗೆರೆ ಪುಸ್ತಕ ಬಿಚ್ಚಿದರು. ಸ್ಕೇಲಿಟ್ಟು ಕಾಲಂ ಎಳೆದರು, ತಲೆಬರಹಕ್ಕೆ ಕೆಂಪು ಶಾಯಿ. ತಾರೀಕು, ವಾರ, ಶಾಖ, ಉಪ್ಪು, ಅಮೋನಿಯ, ನೈಟ್ರೈಟ್, ಷರಾ. ಟೀ ಬಂತು. ಎಡಗೈಗೆ ಲೋಟ ಬಂದದ್ದೇ ತಡ, ಬಲಗೈ ಅಭ್ಯಾಸ ಬಲದಿಂದ ತಾನೇ ಓಡತೊಡಗಿತು. ಟೀ ಮುಗಿದಾಗ ತೊಟ್ಟಿಗೆ ಮೂರು ತಿಂಗಳ ಆರೋಗ್ಯ ಮಂಜೂರಾಗಿತ್ತು. ಅಮೋನಿಯ ಸೊನ್ನೆ, ಸೊನ್ನೆ, ಸೊನ್ನೆ. ಷರಾ: ಉತ್ತಮ.

ಹನ್ನೆರಡನೆಯ ದಿನ ಪುಸ್ತಕ ಹಿಡಿದು ಅಂಗಡಿಗೆ ಹೋದರು. ಹಿಂದಿನ, ಮುಂದಿನ ತಾರೀಕುಗಳ ಮೇಲೆ ಅಂಗೈ ಮುಚ್ಚಿಕೊಂಡು ಅವತ್ತಿನ ಸಾಲು ತೋರಿಸಿದರು.

"ಹನ್ನೆರಡೇ ದಿನಕ್ಕೆ ಏರಿ ಇಳೀತಾ?"

"ಕೈಗುಣ" ಎಂದರು ಶುದ್ಧನೀರಪ್ಪ.

ಆಕೆ ಅವರನ್ನೊಮ್ಮೆ ಪುಸ್ತಕವನ್ನೊಮ್ಮೆ ನೋಡಿದಳು. ಕೆಂಪು ಶಾಯಿಯ ಗೆರೆ, ಮುತ್ತಿನಂಥ ಅಕ್ಷರ. ಇಷ್ಟು ಚೊಕ್ಕವಾಗಿ ಯಾರೂ ಸುಳ್ಳು ಬರೆಯಲಾರರು ಎಂದು ಆಕೆಯೂ ಮೋಸ ಹೋದಳು. ಎರಡು ಕ್ಲೌನ್ ಮೀನು ಕೊಟ್ಟಳು. ಕಿತ್ತಳೆ ಬಣ್ಣದ ಮೈಗೆ ಬಿಳಿಯ ಪಟ್ಟಿ, ಪಟ್ಟಿಗೆ ಕಪ್ಪು ಅಂಚು.

"ದೊಡ್ಡದು ಹೆಣ್ಣು, ಅದೇ ಯಜಮಾನಿ. ಚಿಕ್ಕದು ಗಂಡು, ಅದು ಹೇಳಿದ್ದು ಕೇಳ್ಕೊಂಡು ಹಿಂದೆ ಸುತ್ತುತ್ತೆ."

ಮನೆಯಲ್ಲಿ ಇದನ್ನು ಕೇಳಿ ಟೇಲರಮ್ಮ ದೊಡ್ಡದಕ್ಕೆ ಯಜಮಾನಿ, ಚಿಕ್ಕದಕ್ಕೆ ಗುಮಾಸ್ತ ಎಂದೇ ಹೆಸರಿಟ್ಟಳು. ಅರ್ಧ ಗಂಟೆಗೊಮ್ಮೆ ಯಂತ್ರದ ಗಾಲಿ ನಿಲ್ಲಿಸಿ ಅವುಗಳ ಕಡೆ ತಿರುಗುತ್ತಿದ್ದಳು. ಡಾಕ್ಟರು ಹೇಳಿದ್ದು ಐದು ನಿಮಿಷ. ಇವಳು ಹತ್ತು, ಹದಿನೈದು ಮಾಡಿದಳು. ನಾಲ್ಕನೆಯ ದಿನಕ್ಕೆ ಯಜಮಾನಿ ಅವಳ ಬೆರಳ ತುದಿಯಿಂದಲೇ ಆಹಾರ ಕಿತ್ತುಕೊಳ್ಳುತ್ತಿತ್ತು. ಬಟ್ಟೆ ಕೊಡಲು ಬಂದವರಿಗೆ ಮೊದಲು ಮೀನು ತೋರಿಸಿ ಆಮೇಲೆ ಟೇಪು ಎತ್ತುತ್ತಿದ್ದಳು. ಮೂವತ್ತು ವರ್ಷದಲ್ಲಿ ಅವಳು ಕೆಲಸಕ್ಕೆ ಬಾರದ ಒಂದು ವಸ್ತುವನ್ನು ಹೀಗೆ ಹಚ್ಚಿಕೊಂಡದ್ದನ್ನು ಶುದ್ಧನೀರಪ್ಪ ನೋಡಿರಲಿಲ್ಲ, ತನ್ನನ್ನೂ ಸೇರಿಸಿ.

ಮೀನು ಬಂದ ಹತ್ತನೆಯ ದಿನ, ಒಂದು ಮಂಗಳವಾರ, ಅವರು ಊಟಕ್ಕೆ ಮನೆಗೆ ಬಂದಾಗ ಯಂತ್ರದ ಸದ್ದಿರಲಿಲ್ಲ. ಟೇಲರಮ್ಮ ತೊಟ್ಟಿಯ ಮುಂದೆ ಮೊಣಕಾಲೂರಿ ಕೂತಿದ್ದಳು. ಎರಡೂ ಮೀನು ನೀರಿನ ಮೇಲ್ಮೈಗೆ ಬಾಯಿ ಹಚ್ಚಿ ಬಡಬಡನೆ ಉಸಿರೆಳೆಯುತ್ತಿದ್ದವು. ಕಿವಿರಿನ ಅಂಚು ಕೆಂಪಾಗಿ ಬಾತಿತ್ತು. ಬೆರಳೊಡ್ಡಿದರೆ ತಿರುಗಿಯೂ ನೋಡಲಿಲ್ಲ.

"ರೀ, ಏನಾಯ್ತು ಇವಕ್ಕೆ? ಬೆಳಿಗ್ಗೆಯಿಂದ ಹಿಂಗೇ ಮಾಡ್ತಿವೆ."

"ಸೆಖೆ" ಎಂದರು ಶುದ್ಧನೀರಪ್ಪ. ಊರಿನಲ್ಲಿ ವಾಂತಿ ಭೇದಿ ಎದ್ದಾಗಲೂ ಕಚೇರಿ ಇದನ್ನೇ ಹೇಳಿತ್ತು.

ಟೇಲರಮ್ಮ ಅವರನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಮೀನಂಗಡಿಗೆ ಫೋನು ಹಚ್ಚಿ, ಧ್ವನಿ ಜೋರಿಟ್ಟು ಹೊಲಿಗೆ ಯಂತ್ರದ ಮೇಲಿಟ್ಟಳು.

"ಅಕ್ಕಾ, ಎರಡು ಕಾರಣ ಇರಬಹುದು" ಎಂದಿತು ಫೋನು. "ನೀರಲ್ಲಿ ಅಮೋನಿಯ ಏರಿರಬೇಕು, ಇಲ್ಲಾ ಕಿವಿರಿಗೆ ರೋಗ ಬಂದಿರಬೇಕು. ರೋಗ ಆದ್ರೆ ಬೇರೆ ತೊಟ್ಟೀಲಿಟ್ಟು ತಾಮ್ರದ ಔಷಧಿ ಹಾಕ್ಬೇಕು, ಈಗ್ಲೇ. ಆದ್ರೆ ಅಮೋನಿಯ ಕುಡಿದಿರೋ ಮೀನಿಗೆ ಆ ಔಷಧಿ ಬಿದ್ರೆ ಗಂಟೇಲಿ ಸಾಯುತ್ತೆ. ಸಾರ್ ಬರೆದಿರೋ ಪುಸ್ತಕ ಇದೆಯಲ್ಲ, ಓದಿ. ಅದರ ಮೇಲೆ ಹೇಳ್ತೀನಿ."

ಶುದ್ಧನೀರಪ್ಪ ಗಡಬಡಿಸಿ ಮುಂದೆ ಬಂದರು. "ಪುಸ್ತಕ ಯಾಕೆ, ನಾನೇ ಹೇಳ್ತೀನಿ…" ಎಂದು ಕೈ ಚಾಚುವಷ್ಟರಲ್ಲಿ ಅವಳು ಕನ್ನಡಕ ಏರಿಸಿ, ಸಾಲಿನ ಮೇಲೆ ಬೆರಳಿಟ್ಟು, ಅಳತೆ ಓದುವ ಗತ್ತಿನಲ್ಲಿ ಓದತೊಡಗಿದ್ದಳು.

"ಶನಿವಾರ ಅಮೋನಿಯ ಸೊನ್ನೆ, ಉತ್ತಮ. ಭಾನುವಾರ ಸೊನ್ನೆ, ಉತ್ತಮ. ಸೋಮವಾರ ಸೊನ್ನೆ."

"ಹಾಗಾದ್ರೆ ನೀರು ಸರಿಯಿದೆ. ರೋಗಾನೇ. ಔಷಧಿ ಕಳಿಸ್ಲಾ?"

"ಮಂಗಳವಾರ ಸೊನ್ನೆ, ಉತ್ತಮ. ಬುಧವಾರ ಸೊನ್ನೆ. ಗುರುವಾರ ಸೊನ್ನೆ, ಉತ್ತಮ…"

ಫೋನು ಅವಳನ್ನು ಅಲ್ಲೇ ತಡೆಯಿತು.

"ಅಕ್ಕಾ, ಇವತ್ತು ಮಂಗಳವಾರ."

ಟೇಲರಮ್ಮ ಬೆರಳನ್ನು ಅಲ್ಲೇ ಇಟ್ಟುಕೊಂಡು ಹಾಳೆ ತಿರುವಿದಳು. ಇನ್ನೊಂದು ತಿರುವಿದಳು. ಮುಂದಿನ ತಿಂಗಳು, ಅದರ ಮುಂದಿನ ತಿಂಗಳು, ಎಲ್ಲವೂ ಉತ್ತಮ.

"ಏನ್ರೀ ಇದು? ಹೆಣ ಎತ್ತೋ ದಿನಾನೂ ಉತ್ತಮ ಅಂತ ಬರೆದಿಟ್ಟಿದೀರಾ?"

"ಅದು ಒಂದು… ಅಂದಾಜು."

"ಮಗುವಿನ ಮೈ ನೋಡದೆ ನಾನು ಮೂರು ವರ್ಷದ ಚಡ್ಡಿ ಹೊಲಿದಿಟ್ರೆ ಅದನ್ನ ಅಂದಾಜು ಅಂತಾರಾ? ಒಂದು ದಿನ ಆದ್ರೂ ಹನಿ ಹಾಕಿ ನೋಡಿದೀರಾ?"

"ಮೊದಲನೇ ದಿನ."

"ಅದನ್ನ ನಾನು ಚೆಲ್ಲಿದೆ!"

ಕಂದು ನೀರಿನ ಕೊಡಗಳ ಮುಂದೆ ಅಲುಗದಿದ್ದ ಶುದ್ಧನೀರಪ್ಪ ಪುಸ್ತಕ ಮುಚ್ಚಲು ಹೋದರು. ಫೋನಿನಿಂದ ಒಣ ಧ್ವನಿ ಬಂತು: "ಜಗಳ ಆಮೇಲಾಡಿ ಅಕ್ಕಾ. ಮೊದ್ಲು ಹನಿ ಹಾಕಿ. ಔಷಧಿ ಕಳಿಸಲ್ಲ ನಾನು."

ಟೇಲರಮ್ಮ ಕೊಳವೆಯ ಗೆರೆಗೆ ಸರಿಯಾಗಿ ನೀರು ತುಂಬಿದಳು, ಗುಂಡಿ ಎಣಿಸುವ ಹಾಗೆ ಹನಿ ಎಣಿಸಿದಳು, ಗಡಿಯಾರ ನೋಡುತ್ತ ಕೂತಳು. ಹಳದಿಯಾಗಿ ಉಳಿದರೆ ಕ್ಷೇಮ. ಒಂದು ನಿಮಿಷಕ್ಕೇ ಹಸಿರು ಹತ್ತಿತು. ಐದಕ್ಕೆ ಕೊಳವೆ ಪಾಚಿ ಹಿಡಿದ ಬಾವಿಯ ಹಾಗೆ ಕಾಣುತ್ತಿತ್ತು.

"ಅರ್ಧ ನೀರು ಬದಲಾಯಿಸ್ಬೇಕು, ಈ ಮಧ್ಯಾಹ್ನವೇ" ಎಂದಿತು ಫೋನು. "ನನ್ನ ತೊಟ್ಟಿಗೆ ಅಂತ ಬೆರೆಸಿಟ್ಟ ಉಪ್ಪುನೀರಿದೆ. ಸಾರ್‌ನ ಕಳಿಸಿ."

ಕಚೇರಿಗೆ ಮಧ್ಯಾಹ್ನದ ರಜೆ ಹಾಕಿ ಶುದ್ಧನೀರಪ್ಪ ಅಂಗಡಿಗೆ ಓಡಿದರು. ಮೂವತ್ತೊಂದು ವರ್ಷದಲ್ಲಿ ನೀರಿಗಾಗಿ ಅವರು ಓಡಿದ್ದು ಅದೇ ಮೊದಲು. ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಆಕೆ ಅವರೆದುರೇ ವಿಚಾರಣೆ ಶುರು ಮಾಡಿದಳು.

"ಯಾವ ನೀರು ತುಂಬಿದ್ರಿ?"

"…ನಲ್ಲಿದು."

"ಆಹಾರ ಕೊಳೆಸಿದ್ರಾ?"

"ಅದೊಂದು ಮರೆತೆ."

"ನೀರು ಕಡಿಮೆ ಆದಾಗ ಏನ್ ಹಾಕಿದ್ರಿ?"

"ಉಪ್ಪುನೀರೇ. ಸಮುದ್ರ ಅಲ್ವಾ?"

"ಆವಿಯಾಗಿ ಹೋಗೋದು ನೀರು ಸಾರ್, ಉಪ್ಪಲ್ಲ. ಅದಕ್ಕೆ ಬರೀ ನೀರು ಹಾಕ್ಬೇಕು. ಅವನ್ನ ಉಪ್ಪಿನಕಾಯಿ ಹಾಕ್ತಿದೀರಿ ನೀವು." ಆಕೆ ತನ್ನ ಹಳೆಯ ತೊಟ್ಟಿಯಿಂದ ರಂಧ್ರ ರಂಧ್ರದ ಒಂದು ಕಲ್ಲನ್ನೆತ್ತಿ ಒದ್ದೆ ಚೀಲಕ್ಕೆ ಹಾಕಿದಳು. "ಇದರೊಳಗೆ ಸೂಕ್ಷ್ಮಜೀವಿ ಇದಾವೆ. ವಿಷ ತಿನ್ನೋ ಕೆಲಸ ಇವು ಮಾಡ್ತವೆ. ಸಹಿ ಕೇಳಲ್ಲ, ಪಿಂಚಣೀನೂ ಕೇಳಲ್ಲ."

ಗಿರಾಕಿಗಳಲ್ಲೊಬ್ಬ ಮುಖ ತಿರುಗಿಸಿ ನಕ್ಕ. ಶುದ್ಧನೀರಪ್ಪ ಮೂರು ಕ್ಯಾನು ಉಪ್ಪುನೀರನ್ನು ಕೈಗಾಡಿಯಲ್ಲಿಟ್ಟು ಬೀದಿಯುದ್ದಕ್ಕೂ ತಳ್ಳಿಕೊಂಡು ಬಂದರು. ಕ್ಷೌರದಂಗಡಿಯವನು ಕತ್ತರಿ ಹಿಡಿದೇ ಹೊರಗೆ ಬಂದ.

"ಏನ್ ಸಾರ್, ನೀವೂ ನೀರು ಹೊರಗಿಂದ ತರ್ತೀರಾ? ನಲ್ಲೀದು ಉತ್ತಮ ಅಂತಿದ್ರಲ್ಲ."

"ಮೀನಿಗೆ."

"ಓ, ಮೀನಿಗಾ! ನಾವೇನೋ ಮನುಷ್ಯರಿಗೆ ಅಂದ್ಕೊಂಡ್ವಿ."

ಬಾಗಿಲಲ್ಲಿ ಟೇಲರಮ್ಮ ಬಕೆಟ್ಟು, ಪೈಪು ಸಿದ್ಧಮಾಡಿಕೊಂಡಿದ್ದಳು. ಪುಸ್ತಕದಲ್ಲಿ ಅವರು ಬರೆದ ಹಾಳೆಗಳೆಲ್ಲವನ್ನೂ ಕತ್ತರಿಯಿಂದ ನೇರವಾಗಿ ಕತ್ತರಿಸಿ ತೆಗೆದು, ಅವುಗಳ ಹಿಂಬದಿಯಲ್ಲಿ ಕಾಲರಿನ ಅಳತೆಪಟ್ಟಿ ಬರೆಯಲು ಎತ್ತಿಟ್ಟಿದ್ದಳು. ಮೂರು ತಿಂಗಳ ಉತ್ತಮ ಕೊನೆಗೂ ಒಂದು ಉಪಯೋಗಕ್ಕೆ ಬಂತು. ಉಳಿದ ಬಿಳಿ ಹಾಳೆಯ ಮೇಲೆ ಅವಳ ದಪ್ಪ ಅಕ್ಷರ: 'ಮಂಗಳವಾರ ಮಧ್ಯಾಹ್ನ ಎರಡು. ಅಮೋನಿಯ ನಾಲ್ಕು. ಬಹಳ ಕೆಟ್ಟದು.'

"ಇನ್ನು ಬರೆಯೋದು ನಾನು" ಎಂದಳು. "ನೀವು ನೀರು ಹೊರೋದು."

ಇಬ್ಬರೂ ಕೂಡಿ ಅರ್ಧ ತೊಟ್ಟಿ ಖಾಲಿ ಮಾಡಿದರು. ಹೊಸ ನೀರಿನ ಶಾಖ ಹಳೆಯದಕ್ಕೆ ಸಮ ಆಗುವವರೆಗೆ ಕಾದು, ಬಟ್ಟಲಿನಿಂದ ಬಟ್ಟಲಾಗಿ ಸುರಿದರು. ಆಹಾರ ಬಂದ್. ಮಾರನೆಯ ದಿನ ಮತ್ತೆ ಕೈಗಾಡಿ, ಮತ್ತೆ ಬಕೆಟ್ಟು, ಮತ್ತೆ ಕ್ಷೌರದಂಗಡಿಯವನ ನಮಸ್ಕಾರ. ಬುಧವಾರ ಅಮೋನಿಯ ಎರಡು. ಗುರುವಾರ ಬೆಳಿಗ್ಗೆ ಒಂದು.

ಗುರುವಾರ ಮಧ್ಯಾಹ್ನ ಗುಮಾಸ್ತ ಸತ್ತ. ಮರಳಿನ ಮೇಲೆ ಅಡ್ಡ ಬಿದ್ದಿದ್ದ, ಒಂದು ಪಟ್ಟಿ ಮೇಲಾಗಿ. ಸುಳ್ಳು ಲೆಕ್ಕಕ್ಕೆ ತಲೆ ಕೊಡುವುದು ಗುಮಾಸ್ತರೇ ಎಂಬುದು ಕಚೇರಿ ಕಂಡಿದ್ದ ಶುದ್ಧನೀರಪ್ಪನಿಗೆ ಹೊಸ ವಿಷಯವೇನಲ್ಲ. ಆದರೂ ಬಲೆಯಲ್ಲಿ ಅದನ್ನೆತ್ತಿದ್ದು ಅವರೇ. ಒದ್ದೆ ಕಾಗದದ ಮೇಲಿಟ್ಟಾಗ ಕಿತ್ತಳೆ ಬಣ್ಣ ಆಗಲೇ ಮಾಸತೊಡಗಿತ್ತು. ಟೇಲರಮ್ಮ ಅಳಲಿಲ್ಲ. ಪುಸ್ತಕ ತೆಗೆದು ಬರೆದಳು: 'ಗುಮಾಸ್ತ ಸತ್ತ. ಅಮೋನಿಯ ಒಂದು.' ಆಮೇಲೆ ಪೆನ್ನು ಎತ್ತದೆ ಅವರತ್ತ ನೋಡಿದಳು. ಮೂವತ್ತು ವರ್ಷದಲ್ಲಿ ಅವಳು ಅವರನ್ನು ಬೈದದ್ದೆಲ್ಲ ಒಟ್ಟು ಸೇರಿಸಿದರೂ ಆ ನೋಟದಷ್ಟಾಗುತ್ತಿರಲಿಲ್ಲ.

ಯಜಮಾನಿ ಸಾಯಲಿಲ್ಲ. ಶನಿವಾರ ಮೇಲ್ಮೈ ಬಿಟ್ಟು ಕಲ್ಲಿನ ಪಕ್ಕಕ್ಕೆ ಇಳಿಯಿತು. ಅಷ್ಟರಲ್ಲಿ ಅಮೋನಿಯ ಇಳಿದು ಎರಡನೆಯ ವಿಷ ಏರಿತು, ಮೀನಂಗಡಿಯಾಕೆ ಹೇಳಿದ್ದ ಹಾಗೆಯೇ. ಮತ್ತೆರಡು ವಾರ ಶುದ್ಧನೀರಪ್ಪ ದಿನ ಬಿಟ್ಟು ದಿನ ನೀರು ಹೊತ್ತರು. ಸೊಂಟ ಹಿಡಿಯಿತು. ಅಂಗೈಯಲ್ಲಿ ಗುಳ್ಳೆ ಎದ್ದವು. ಕೊನೆಗೊಂದು ಭಾನುವಾರ ಬೆಳಿಗ್ಗೆ ಯಜಮಾನಿ ಟೇಲರಮ್ಮನ ಬೆರಳಿಂದ ಒಂದು ಚೂರು ಕಿತ್ತುಕೊಂಡಿತು, ಮೊದಲಿನಷ್ಟೇ ದರ್ಪದಿಂದ. ಅವಳು ಆ ಬೆರಳನ್ನು ಒರೆಸಿಕೊಳ್ಳದೆ ಹಾಗೇ ಕೂತಿದ್ದಳು.

ಆಗ ಮಗಳ ಯೂನಿಫಾರ್ಮು ಒಯ್ಯಲು ಕೆಳಗಿನ ಬೀದಿಯ ಹೆಂಗಸೊಬ್ಬಳು ಬಂದಳು. ಮೇಜಿನ ಮೇಲಿನ ಕೊಳವೆ, ಬಣ್ಣದ ಚೀಟಿ, ಪುಸ್ತಕ ಎಲ್ಲವನ್ನೂ ನೋಡಿದಳು. ಇದೇನೆಂದು ಕೇಳಿ ತಿಳಿದುಕೊಂಡಳು. ಬಟ್ಟೆಯನ್ನು ಅಲ್ಲೇ ಬಿಟ್ಟು ಮನೆಗೆ ಹೋಗಿ ಒಂದು ಬಾಟಲಿ ನೀರು ಹಿಡಿದು ಬಂದಳು.

"ಟೇಲರಮ್ಮಾ, ನಮ್ಮ ನಲ್ಲೀದು. ಚಿಕ್ಕವಳಿಗೆ ತಿಂಗಳಿಂದ ಹೊಟ್ಟೆನೋವು. ಇದಕ್ಕೂ ಒಂದು ಹನಿ ಹಾಕಿ ನೋಡಿ."

ಬಕೆಟ್ಟು ಹಿಡಿದಿದ್ದ ಶುದ್ಧನೀರಪ್ಪ ಕೆಮ್ಮಿದರು. "ಅದು ಮೀನಿನ ನೀರಿಗೆ ಮಾಡಿರೋದು. ನಲ್ಲಿ ನೀರು ಕಚೇರೀಲಿ ನೋಡ್ತಾರೆ."

"ಯಾರು ನೋಡ್ತಾರೆ?" ಎಂದಳು ಟೇಲರಮ್ಮ.

ಆಗಲೇ ಅವಳು ಕೊಳವೆಗೆ ಬಾಟಲಿಯ ನೀರು ತುಂಬಿ ಹನಿ ಎಣಿಸತೊಡಗಿದ್ದಳು.

"ಗಡಿಯಾರ ಹಿಡೀರಿ. ಐದು ನಿಮಿಷ."

ಹಿಡಿದರು. "ಆಯ್ತು" ಎಂದರು.

"ಮೂರೇ ಆಗಿರೋದು."

ಮತ್ತೆ ಹಿಡಿದರು. ಮೂವರೂ ಕೊಳವೆಯನ್ನೇ ನೋಡುತ್ತ ನಿಂತರು. ಹಸಿರು ಬಂತು. ತೊಟ್ಟಿಯಲ್ಲಿ ಅವತ್ತು ಕಂಡಷ್ಟು ಗಾಢವಲ್ಲ. ಆದರೆ ಹಳದಿ ಎಂದು ಹೇಳಲು ಮೂವತ್ತೊಂದು ವರ್ಷದ ಅನುಭವವೂ ಸಾಲದಷ್ಟು ಹಸಿರು.

"ಸಾರ್, ಹಸಿರಂದ್ರೆ ಏನು?" ಹೆಂಗಸು ಕೇಳಿದ್ದು ಅವರನ್ನೇ.

"ಹಸಿರಂದ್ರೆ…" ಶುದ್ಧನೀರಪ್ಪ ಬಕೆಟ್ಟನ್ನು ಕೆಳಗಿಟ್ಟರು. "ಎಲ್ಲೋ ಚರಂಡಿ ನೀರು ಸೇರ್ತಿರಬಹುದು. ಕುಡೀಬೇಡಿ."

"ಇದನ್ನೇ ಬರೆದು ಸಹಿ ಹಾಕಿಕೊಡಿ ಮತ್ತೆ."

"ನಾನು ಕಚೇರಿಯವನು ತಾಯಿ, ಹಾಗೆಲ್ಲ ಮನೇಲಿ ಕೂತು…"

ಟೇಲರಮ್ಮ ಪುಸ್ತಕದಿಂದ ಒಂದು ಹಾಳೆ ಕತ್ತರಿಸಿದಳು. ಮನೆ ನಂಬರು, ತಾರೀಕು, ಗಂಟೆ, ಅಮೋನಿಯ ಒಂದು. ಕೆಳಗೆ ತನ್ನ ಸಹಿ ಹಾಕಿ, ಪಕ್ಕದಲ್ಲಿ 'ಐದು ನಿಮಿಷ ಕಾದಿದೆ' ಎಂದು ಬರೆದಳು. ಹೆಂಗಸು ಅದನ್ನು ಯೂನಿಫಾರ್ಮಿನ ಮಡಿಕೆಯೊಳಗೆ ಜೋಪಾನವಾಗಿಟ್ಟುಕೊಂಡಳು.

"ನಮ್ಮ ಸಾಲಲ್ಲಿ ಇನ್ನೂ ಹನ್ನೊಂದು ನಲ್ಲಿ ಇವೆ. ಸಂಜೆ ಎಲ್ಲಾರ ಬಾಟಲೀನೂ ತರ್ತೀನಿ. ನಾಳೆ ಒಟ್ಟಿಗೇ ತಗೊಂಡು ಹೋಗ್ತೀವಿ."

"ಎಲ್ಲಿಗೆ?" ಎಂದರು ಶುದ್ಧನೀರಪ್ಪ. ಗೊತ್ತಿದ್ದೇ ಕೇಳಿದರು.

"ಇನ್ನೆಲ್ಲಿಗೆ ಸಾರ್? ನಿಮ್ಮ ಮೇಜಿಗೇ."

ಹೆಂಗಸು ಹೋದಳು. ನಾಳೆ ಸೋಮವಾರ, ರಿಜಿಸ್ಟರ್ ತುಂಬುವ ದಿನ. ಟೇಲರಮ್ಮ ಹನಿ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, "ಹನ್ನೊಂದಕ್ಕೆ ಸಾಲಲ್ಲ" ಎಂದಳು. "ನೀರು ಹೊಯ್ದಾದ ಮೇಲೆ ಅಂಗಡಿಗೆ ಹೋಗಿ ಇನ್ನೊಂದು ಡಬ್ಬಿ ತನ್ನಿ."

ಶುದ್ಧನೀರಪ್ಪ ಬಕೆಟ್ಟು ಎತ್ತಿಕೊಂಡರು.